ಕ್ಯಾಂಪ್ ಗೇಟಿನ ಮುಂದಿನ ಗುಂಡಿ

ಮಿಲಿಟರಿ ಕ್ಯಾಂಪು ಊರು ಬಿಟ್ಟು ಹೋಗುತ್ತದಂತೆ ಎಂಬ ಸುದ್ದಿ ಬಂದ ದಿನ ಕೋಟೆಪಾಳ್ಯದ ದೊಡ್ಡ ಮನುಷ್ಯರೆಲ್ಲ ಮನೆಯಲ್ಲಿ ಹೆಣ ಬಿದ್ದವರಂತೆ ಓಡಾಡಿದರು. ಮುತ್ತಮ್ಮ ನೋಡಿದಳು. ಅವಳ ಮನೆಯಲ್ಲಿ ನಿಜವಾಗಿಯೂ ಹೆಣ ಬಿದ್ದಾಗ ಇವರಲ್ಲಿ ಒಬ್ಬ ನನ್ಮಗನೂ ಪೌರಕಾರ್ಮಿಕರ ಕಾಲೋನಿಯ ಕಡೆ ತಲೆ ಹಾಕಿರಲಿಲ್ಲ.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಅರ್ಧ ಪೇಟೆ ಉಣ್ಣುವುದು ಕ್ಯಾಂಪಿನಿಂದಲೇ. ಹಾಗಾಗಿ ನಗರಸಭೆ ತುರ್ತು ಸಭೆ ಕರೆಯಿತು. ಮುತ್ತಮ್ಮ ಅಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವಳು. ಸದಸ್ಯರು ಕುಡಿದು ಬಿಸಾಕುವ ಟೀ ಲೋಟ ಆಯಲು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಒಳಗೆ ಬರಬೇಡ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ.

ಅಧ್ಯಕ್ಷ ಲಕ್ಷ್ಮಣಪ್ಪ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. "ಕ್ಯಾಂಪು ಅಂದ್ರೆ ನಮ್ಮೂರಿಗೆ ಹೆತ್ತ ತಾಯಿ ಇದ್ದಂಗೆ ಕಣ್ರೀ. ತಾಯಿನ ಯಾರಾದ್ರೂ ಮನೆಯಿಂದ ಕಳಿಸ್ತಾರಾ?"

ತಾಯಿಯಂತೆ, ತಾಯಿ! ಇವನ ಮೂರು ಕಟ್ಟಡಗಳಲ್ಲಿ ಬಾಡಿಗೆಗೆ ಇರುವುದೆಲ್ಲ ಮಿಲಿಟರಿಯವರ ಸಂಸಾರಗಳು. ಕ್ಯಾಂಪಿನ ಕ್ಯಾಂಟೀನಿನಿಂದ ಹಿಂಬಾಗಿಲಲ್ಲಿ ಹೊರಬೀಳುವ ರಮ್ಮು ಇವನ ಬಾಮೈದನ ಅಂಗಡಿಯಲ್ಲಿ ಬಿಕರಿಯಾಗುತ್ತದೆ. ಕ್ಯಾಂಪು ಹೋದರೆ ಬಾಡಿಗೆ ಖಾಲಿ, ರಮ್ಮು ಖಾಲಿ. ಕಣ್ಣೀರು ಬರದೆ ಏನು ಮಾಡುತ್ತದೆ?

ಠರಾವು ಪಾಸಾಯಿತು. ಒಂದು ದಿನ ಊರು ಬಂದ್. ಬಸ್ ಸ್ಟ್ಯಾಂಡಿನಿಂದ ಕ್ಯಾಂಪಿನ ಗೇಟಿನ ತನಕ ಫ್ಲೆಕ್ಸು. 'ವೀರಯೋಧರೇ, ನಮ್ಮನ್ನು ಬಿಟ್ಟು ಹೋಗದಿರಿ' ಅಂತ, ಪಕ್ಕದಲ್ಲಿ ಕೈಮುಗಿದ ಅಧ್ಯಕ್ಷನ ಫೋಟೋ. ಗುರುವಾರ ದೆಹಲಿಯಿಂದ ಅಧಿಕಾರಿಗಳ ತಂಡ ಬಂದು ನೋಡಿ ತೀರ್ಮಾನ ಮಾಡುತ್ತದಂತೆ. ಅವರಿಗೆ ಅಧ್ಯಕ್ಷನ ಕಲ್ಯಾಣ ಮಂಟಪದಲ್ಲಿ ಸ್ವಾಗತ, ಊಟ, ಭಾಷಣ. ಎಲ್ಲದಕ್ಕೂ ಮೇಜು ಕುಟ್ಟಿದರು. ಆಗ ಎಂಜಿನಿಯರ್ ನವೀನ್‌ಕುಮಾರ್ ಎದ್ದು ಗಂಟಲು ಸರಿ ಮಾಡಿಕೊಂಡ.

"ಸಾರ್, ಕ್ಯಾಂಪಿನೋರ ದೊಡ್ಡ ದೂರೇ ಒಂದಿದೆ. ನಮ್ಮೂರ ಕಕ್ಕಸು ನೀರೆಲ್ಲ ಅವರ ಪರೇಡ್ ಮೈದಾನಕ್ಕೆ ನುಗ್ತಾ ಇದೆ. ಗೇಟ್ ಮುಂದಿನ ಮ್ಯಾನ್‌ಹೋಲ್ ಗುಂಡಿ ಕಟ್ಕೊಂಡಿದೆಯಲ್ಲ, ಅದು."

"ಮಿಷಿನ್ ಹಾಕ್ಸಯ್ಯ."

"ಹಾಕ್ಸಿ ನೋಡ್ದೆ ಸಾರ್. ಬಟ್ಟೆ, ಕಲ್ಲು, ಪ್ಲಾಸ್ಟಿಕ್ಕು ಸೇರ್ಕೊಂಡು ಗಾರೆ ಆಗೋಗಿದೆ. ಪೈಪ್ ಒಡೆದು ಹೊಸದು ಹಾಕ್ಬೇಕು. ಟೈಮ್ ಬೇಕು."

"ಟೈಮ್ ಎಲ್ಲಿದೆ? ಆಳು ಇಳಿಸು."

ಎಂಜಿನಿಯರ್ ಮೆಲ್ಲಗೆ ಅಂದ. "ಆಳು ಇಳಿಸೋ ಹಂಗಿಲ್ಲ ಸಾರ್. ಕಾನೂನು..."

"ಕಾನೂನು ನಂಗೂ ಗೊತ್ತು ಕಣಯ್ಯ. ಮೇಸ್ತ್ರಿ ಪಾಪಯ್ಯನ್ನ ಕರಿ. ಆ ಸತ್ತೋದನಲ್ಲ ಆಂಜಿನಪ್ಪ, ಅವನ ತಮ್ಮ ಇದಾನೆ. ಗಟ್ಟಿಮುಟ್ಟಾಗಿದಾನೆ."

ಬಾಗಿಲ ಹೊರಗೆ ಲೋಟ ಆಯುತ್ತಿದ್ದ ಮುತ್ತಮ್ಮನಿಗೆ ಪ್ರತಿ ಮಾತೂ ಕೇಳಿಸಿತು. ಆಂಜಿನಪ್ಪ ಅವಳ ಗಂಡ. ಆ ಸಭೆಯಲ್ಲಿ ಕೂತವರಿಗೆಲ್ಲ ಅದು ಗೊತ್ತು, ಅವಳು ಬಾಗಿಲಲ್ಲಿ ನಿಂತಿದ್ದಾಳೆ ಅಂತಲೂ ಗೊತ್ತು. ಆದರೂ ಒಬ್ಬನೂ ದನಿ ತಗ್ಗಿಸಲಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ಲಕ್ಷ್ಮಣಪ್ಪನ ಮಗಳ ಮದುವೆ. ಅವನ ಕಲ್ಯಾಣ ಮಂಟಪ ಇರುವುದು ಹಳೇ ಕೆರೆಯ ಅಂಗಳದಲ್ಲಿ, ತಗ್ಗಿನಲ್ಲಿ. ಕೆರೆ ಮುಚ್ಚಿ ಕಟ್ಟಿಸಿದ್ದು. ಕ್ಯಾಂಪ್ ಗೇಟಿನ ಮುಂದಿನ ಗುಂಡಿ ಕಟ್ಟಿಕೊಂಡರೆ ಉಕ್ಕಿದ್ದೆಲ್ಲ ಇಳಿಜಾರು ಹಿಡಿದು ಅಲ್ಲಿಗೇ ಹೋಗುತ್ತದೆ. ಚಪ್ಪರದ ದಿನ ಬೆಳಿಗ್ಗೆ ಮಂಟಪದ ಅಂಗಳಕ್ಕೆ ಹೇಲು ಬಂತು. ಬೀಗರು ಬರುವ ಹೊತ್ತು. ಪಾಪಯ್ಯ ಓಡಿಬಂದು, ಉಪ್ಪಿಟ್ಟು ತಿನ್ನುತ್ತಾ ಕೂತಿದ್ದ ಆಂಜಿನಪ್ಪನನ್ನು ತಟ್ಟೆ ಬಿಡಿಸಿ ಎಬ್ಬಿಸಿಕೊಂಡು ಹೋದ.

ಗುಂಡಿಗೆ ಇಳಿಸುವ ಮೊದಲು ಮೇಸ್ತ್ರಿ ಎಣ್ಣೆ ಕೊಡಬೇಕು. ಕಾಲೋನಿಯಲ್ಲಿ ಅದು ತಾತನ ಕಾಲದ ಪದ್ಧತಿ. ಎಣ್ಣೆ ಹೊಟ್ಟೆಗೆ ಬೀಳದೆ ಮೂಗು ಒಪ್ಪುವುದಿಲ್ಲ, ಕೈ ಏಳುವುದಿಲ್ಲ. ಆಂಜಿನಪ್ಪ ಗುಂಡಿಯ ದಿನ ಬಿಟ್ಟು ಬೇರೆ ದಿನ ಮುಟ್ಟಿದವನಲ್ಲ. ಅಂದು ಅಧ್ಯಕ್ಷನ ಬಾಮೈದನ ಅಂಗಡಿಯಿಂದಲೇ ರಮ್ಮು ಬಂತು. ನಿಂತಲ್ಲೇ ಕುಡಿಸಿದರು. ಚಡ್ಡಿಯಲ್ಲಿ ಇಳಿಸಿದರು. ಮೇಲಿಂದ ಕೂಗಿದರೆ ಉತ್ತರ ಬರಲಿಲ್ಲ. ಕೊಕ್ಕೆ ಹಾಕಿ ಎಳೆದು ರಸ್ತೆಯ ಮೇಲೆ ಹಾಕಿದರು. ಮಂಟಪದಲ್ಲಿ ಆಗ ವಾಲಗ ನಡೆಯುತ್ತಿತ್ತು. ಅದನ್ನೂ ನಿಲ್ಲಿಸಲಿಲ್ಲ.

ಅವನನ್ನು ತೊಳೆದವಳು ಮುತ್ತಮ್ಮ. ಬಿಂದಿಗೆಯ ಮೇಲೆ ಬಿಂದಿಗೆ ಸುರಿದಳು. ಕಿವಿಯಿಂದ ತೆಗೆದಳು. ಮೂಗಿನಿಂದ ತೆಗೆದಳು. ಹಲ್ಲಿನ ಸಂದಿಯಿಂದ ತೆಗೆದಳು. ಊರಿನವರ ಹೊಟ್ಟೆಯಿಂದ ಹೊರಬಿದ್ದದ್ದನ್ನು ತನ್ನ ಗಂಡನ ಬಾಯಿಗೆ ಬೆರಳು ಹಾಕಿ ಹೊರಗೆ ತೆಗೆದಳು. ಸೀಗೆಪುಡಿ ಹಾಕಿ ಉಜ್ಜಿದಳು. ಮಣ್ಣು ಮಾಡುವ ತನಕ ವಾಸನೆ ಹೋಗಲಿಲ್ಲ.

ಮಾರನೇ ದಿನ ನಗರಸಭೆ ಹೇಳಿತು: ನಾವು ಯಾರನ್ನೂ ಇಳಿಸಿಲ್ಲ. ಕುಡಿದು ತೂರಾಡುತ್ತಾ ಹೋಗುತ್ತಿದ್ದವನು ತೆರೆದ ಗುಂಡಿಗೆ ಬಿದ್ದ. ಡಾಕ್ಟರು ಹೊಟ್ಟೆಯಲ್ಲಿ ಎಣ್ಣೆ ಇತ್ತು ಅಂದರು. ಪೊಲೀಸರು ಹೂಂ ಅಂದರು. ಕೆಲಸಕ್ಕೆ ಇಳಿದು ಸತ್ತರೆ ಕೇಸು, ಬಿದ್ದು ಸತ್ತರೆ ಹಣೆಬರಹ. ಎಣ್ಣೆ ಕುಡಿಸಿದವರ ಬಾಯೇ ಕುಡುಕ ಅಂದಿತು! ಪೇಟೆಯಲ್ಲಿ ಅವಳು ಗುಡಿಸುವಾಗ ಅಂಗಡಿಯವರು ಕನಿಕರ ತೋರಿಸುತ್ತಿದ್ದರು. "ಪಾಪ, ನಿನ್ ಗಂಡ ಅಷ್ಟೊಂದು ಕುಡೀಬಾರ್ದಾಗಿತ್ತು ಕಣಮ್ಮ" ಅನ್ನುತ್ತಾ ಪೇಪರ್ ಲೋಟದ ಟೀಯನ್ನು ಮೆಟ್ಟಿಲ ಕೆಳಗೆ ನೆಲದ ಮೇಲೆ ಇಡುತ್ತಿದ್ದರು. ಇದನ್ನಾದರೂ ನುಂಗಿಕೊಂಡಳು. ಆದರೆ ಮಗಳು ಯಶಸ್ವಿನಿಯ ಕಾಲೇಜಿನಲ್ಲಿ ಕುಡಿತದ ವಿರುದ್ಧ ಕಾರ್ಯಕ್ರಮ ನಡೆಯಿತು. ಮುಖ್ಯ ಅತಿಥಿ ಲಕ್ಷ್ಮಣಪ್ಪ. "ನಮ್ಮೂರಲ್ಲೇ ಒಬ್ಬ ಪೌರಕಾರ್ಮಿಕ ಕುಡಿದು ಗುಂಡಿಗೆ ಬಿದ್ದು ಸತ್ತ, ಮಕ್ಕಳೇ, ನೀವು ಅಂಥ ದಾರಿ ಹಿಡಿಯಬೇಡಿ" ಅಂತ ಭಾಷಣ ಬಿಗಿದ. ಮಕ್ಕಳೆಲ್ಲ ತಿರುಗಿ ಯಶಸ್ವಿನಿಯ ಮುಖ ನೋಡಿದವು. ಆ ಹುಡುಗಿ ಮತ್ತೆ ಆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ಅಂದಿನಿಂದ ಮುತ್ತಮ್ಮನಿಗೆ ಒಂದೇ ಆಸೆ. ಲಕ್ಷ್ಮಣಪ್ಪನ ಬಾಯಿಂದಲೇ ನಿಜ ಬರಬೇಕು. ಊರು ಕೇಳುವ ಹಾಗೆ ಬರಬೇಕು.

ಆಂಜಿನಪ್ಪ ಸತ್ತ ಮೇಲೆ ಯಾರೂ ಆ ಗುಂಡಿಗೆ ಇಳಿಯಲಿಲ್ಲ. ಅದಕ್ಕೆ ಲಕ್ಷ್ಮಣಪ್ಪ ಸುಲಭದ ದಾರಿ ಹುಡುಕಿದ. ರಸ್ತೆ ಬದಿಯ ಮೋರಿಗೆ ಅಡ್ಡಲಾಗಿ ಮರಳಿನ ಮೂಟೆ ಜೋಡಿಸಿದ. ಉಕ್ಕಿದ್ದೆಲ್ಲ ಅವನ ಮಂಟಪದ ಕಡೆ ಬರದೆ, ಕ್ಯಾಂಪಿನ ಗೋಡೆಯ ಕೆಳಗಿನ ಕಿಂಡಿಯಲ್ಲಿ ನುಗ್ಗಿ ಪರೇಡ್ ಮೈದಾನ ಸೇರಿತು. ಹೆತ್ತ ತಾಯಿಯ ಮಡಿಲಿಗೆ ಹೇಲು ಸುರಿದು ಈಗ ತಾಯಿ ಹೊರಟಳು ಅಂತ ಅಳುತ್ತಾನೆ, ಬೇವರ್ಸಿ.

ಸಭೆಯ ಮಾರನೇ ಬೆಳಿಗ್ಗೆ ಪಾಪಯ್ಯ ಕಾಲೋನಿಗೆ ಬಂದ. ಕೈಯಲ್ಲಿ ಕಪ್ಪು ಕವರು, ಒಳಗೆ ರಮ್ಮಿನ ಬಾಟಲಿಗಳು. ಪಾಪಯ್ಯ ಬೇರೆಯವನಲ್ಲ, ಇದೇ ಕಾಲೋನಿಯವನು, ದೂರದಲ್ಲಿ ನೆಂಟ. ಮುತ್ತಮ್ಮನ ಮೈದುನ ಮುನೀಂದ್ರ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ.

"ತಗಳಪ್ಪ ಮುನೀಂದ್ರ. ಮಿಲ್ಟ್ರಿ ಮಾಲು. ಒಂದು ಗಂಟೆ ಕೆಲ್ಸ. ಆಮೇಲೆ ನಿನ್ ಕೆಲ್ಸ ಖಾಯಂ ಮಾಡಿಸ್ತಾರಂತೆ, ಅಧ್ಯಕ್ಷರೇ ಮಾತು ಕೊಟ್ಟವ್ರೆ."

ಖಾಯಂ ಅನ್ನುವ ಮಾತಿಗೆ ಮುನೀಂದ್ರನ ಕೈ ಮುಂದೆ ಬಂತು. ಮುತ್ತಮ್ಮ ಆ ಕೈಗೆ ಪಟಾರನೆ ಹೊಡೆದಳು.

"ಅತ್ಗೆ, ಒಂದೇ ಸಲ..." ಅಂದ ಅವನು.

"ನಿಮ್ಮಣ್ಣನೂ ಒಂದೇ ಸಲ ಇಳ್ದಿದ್ದು ಕಣೋ, ಅವತ್ತು. ನಿನ್ನ ತೊಳ್ಯಕ್ಕೆ ನನ್ ಕೈಲಾಗಲ್ಲ. ಒಬ್ಬನ್ನ ತೊಳ್ದಿದ್ದು ಸಾಕು ನಂಗೆ."

ಪಾಪಯ್ಯ ನೆಲ ನೋಡಿದ. "ನಂಗೇನು ಖುಷಿನಾ ಮುತ್ತಮ್ಮ? ಹೇಳಿದ್ದು ಮಾಡ್ದಿದ್ರೆ ನನ್ ಕೆಲ್ಸಾನೂ ಹೋಗ್ತದೆ."

"ನಿನ್ ಕೆಲ್ಸ ಉಳ್ಸಕ್ಕೆ ನಮ್ಮನೆ ಗಂಡಸರೆಲ್ಲ ಸಾಯ್ಬೇಕಾ ಪಾಪಣ್ಣ? ತಗಾ, ನೀನೇ ಕುಡಿ. ನೀನೇ ಇಳಿ. ಆಮೇಲೆ ನಗರಸಭೆಯೋರು ನಿನ್ನೂ ಕುಡುಕ ಅಂತಾರೆ."

ಕವರು ಕಿತ್ತುಕೊಂಡು ಬಾಟಲಿಗಳನ್ನು ನಲ್ಲಿಕಟ್ಟೆಗೆ ಅಪ್ಪಳಿಸಿದಳು. ರಮ್ಮು ಚರಂಡಿಯಲ್ಲಿ ಹರಿಯಿತು. ಕಾಲೋನಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಯಾರೂ ಅಯ್ಯೋ ಅನ್ನಲಿಲ್ಲ. ಮುದುಕಿಯೊಬ್ಬಳು "ಇವತ್ತಿಂದ ನಮ್ ಕಾಲೋನಿಯೋರು ಯಾರೂ ಇಳಿಯಂಗಿಲ್ಲ, ಇಳಿದ್ರೆ ಮನೆಗೆ ಸೇರ್ಸಲ್ಲ" ಅಂದಳು. ಗಂಡಸರು ತಲೆಯಾಡಿಸಿದರು.

ಮಧ್ಯಾಹ್ನ ಲಕ್ಷ್ಮಣಪ್ಪನ ಕಾರು ಬಂತು. ಕಾಲೋನಿಯ ಒಳಗೆ ಬರಲಿಲ್ಲ, ಬೀದಿಯ ಬಾಯಲ್ಲೇ ನಿಂತಿತು. ಕಿಟಕಿ ಗಾಜು ಅರ್ಧ ಇಳಿಯಿತು.

"ಏನಮ್ಮ ಮುತ್ತಮ್ಮ, ಏನ್ ನಿಂದು ಗಲಾಟೆ? ಏನ್ ಬೇಕು ಹೇಳು."

"ಆಂಜಿನಪ್ಪನ್ನ ನೀವೇ ಇಳ್ಸಿದ್ದು ಅಂತ ಹೇಳ್ಬೇಕು. ಮೈಕಲ್ಲಿ."

ಅವನು ನಕ್ಕ. "ಹುಚ್ಚಿ. ದೇಶದ ವಿಷಯ ಇದು. ದೇಶ ಕಾಯೋರು ಊರು ಬಿಟ್ಟು ಹೋಗ್ತಾವ್ರೆ, ನಿಂಗೆ ನಿನ್ ಗಂಡಂದೇ ದೊಡ್ದಾಯ್ತಾ?"

"ಹೂಂ ಸ್ವಾಮಿ. ನಂಗೆ ನನ್ ಗಂಡಂದೇ ದೊಡ್ಡದು."

ನಗು ಹೋಯಿತು. "ಹಂಗಾದ್ರೆ ನಾಳೆಯಿಂದ ನಿಮ್ ಕಾಲೋನಿಯೋರು ಒಬ್ರೂ ಕೆಲ್ಸಕ್ಕೆ ಬರೋದು ಬೇಡ. ಏನ್ ಹೊಟ್ಟೆಗೆ ತಿಂತೀರೋ ನೋಡ್ತೀನಿ." ಗಾಜು ಮೇಲೇರಿತು.

ಬುಧವಾರ ಅವನು ಗುಂಡಿಯ ಸುತ್ತ ಬ್ಲೀಚಿಂಗ್ ಪೌಡರ್ ಸುರಿಸಿದ. ಹೂಕುಂಡ ಇಡಿಸಿದ. ಮೂಟೆಗಳ ಮೇಲೆ ಹಸಿರು ಬಟ್ಟೆ ಹೊದಿಸಿದ. ದೆಹಲಿಯವರನ್ನು ಮೊದಲು ಮಂಟಪಕ್ಕೆ ಕರೆತಂದು ಹೊಟ್ಟೆ ತುಂಬ ಉಣ್ಣಿಸುವುದು, ಆಮೇಲೆ ಸಂಜೆಗತ್ತಲಲ್ಲಿ ಮೈದಾನ ತೋರಿಸುವುದು ಅವನ ಲೆಕ್ಕಾಚಾರ. ಮಂಟಪದಿಂದ ಬಸ್ ಸ್ಟ್ಯಾಂಡಿನ ತನಕ ಕಂಬ ಕಂಬಕ್ಕೂ ಸ್ಪೀಕರು ಕಟ್ಟಿಸಿದ. ತನ್ನ ಭಾಷಣ ಊರಿಗೆಲ್ಲ ಕೇಳಬೇಕಲ್ಲ!

ಗುರುವಾರ ದೆಹಲಿಯವರ ಕಾರುಗಳು ಮಂಟಪದ ಮುಂದೆ ನಿಂತವು ಅಂತ ಗೊತ್ತಾದದ್ದೇ ಮುತ್ತಮ್ಮ ಸೀರೆ ಎತ್ತಿ ಕಟ್ಟಿದಳು. ಮುನೀಂದ್ರ ಬಂದ. ಹೆಂಗಸರು ಬಂದರು. ಹಾಡುಹಗಲೇ ನಡೆದುಕೊಂಡು ಹೋದರು. ಹಸಿರು ಬಟ್ಟೆ ಕಿತ್ತೆಸೆದರು. ಮೂಟೆಗಳು ಎರಡು ವರ್ಷ ನೆನೆದು ಕೊಳೆತಿದ್ದವು, ಹಿಡಿದರೆ ಜಾರುತ್ತಿದ್ದವು, ಎಳೆದರೆ ಹರಿಯುತ್ತಿದ್ದವು. ಮುತ್ತಮ್ಮ ಮೊಣಕೈ ತನಕ ಕೈ ಹಾಕಿದಳು. ಇಷ್ಟು ವರ್ಷ ಊರಿಗಾಗಿ ಮುಟ್ಟಿದ ಹೊಲಸನ್ನು ಅಂದು ತನಗಾಗಿ ಮುಟ್ಟಿದಳು. ಬೆನ್ನು ಬಿರಿಯುವಂತೆ ಎಳೆದಳು, ಪ್ರತಿ ಮೂಟೆಗೂ ಒಂದೊಂದು ಬೈಗುಳ ಹಾಕಿ ಎಳೆದಳು.

ಗೇಟಿನ ಕಾವಲಿನ ಸಿಪಾಯಿ ಬಂದೂಕು ಹಿಡಿದು ನೋಡುತ್ತಿದ್ದ. ತಮ್ಮ ಮೈದಾನಕ್ಕೆ ನುಗ್ಗುತ್ತಿದ್ದದ್ದು ಬೇರೆ ಕಡೆ ತಿರುಗುತ್ತಿದೆ ಅಂತ ಅವನಿಗೆ ಅರ್ಥವಾಯಿತು. "ಹಟಾವೋ, ಸಬ್ ಹಟಾವೋ" ಎಲ್ಲ ತೆಗೆಯಿರಿ ಅಂತ ಹಿಂದಿಯಲ್ಲಿ ಅಂದು ಮುಖ ಆಚೆ ತಿರುಗಿಸಿ ನಿಂತ.

ಕೊನೇ ಮೂಟೆ ಬಂತು. ಕಪ್ಪು ನೀರು ಇಳಿಜಾರಿನ ಕಡೆ ಹೊರಳಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹರಿಯಿತು. ಮುತ್ತಮ್ಮ ಅದರ ಪಕ್ಕದಲ್ಲೇ ನಡೆದಳು. ಪೇಟೆಯವರು ಪ್ಯಾಂಟು ಎತ್ತಿ ಹಿಡಿದು, ಮೂಗು ಮುಚ್ಚಿ, ಅಂಗಡಿಯ ಮೆಟ್ಟಿಲು ಹತ್ತಿದರು.

"ಏಯ್, ಏನಮ್ಮ ಇದು!" ಅಂತ ಬಟ್ಟೆ ಅಂಗಡಿಯವನು ಕಿರುಚಿದ.

"ನಿಮ್ಮದೇ ಸ್ವಾಮಿ" ಅಂದಳು ಮುತ್ತಮ್ಮ.

ಮಂಟಪದಲ್ಲಿ ಎಲೆ ಹಾಕಿ ಆಗಿತ್ತು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿತ್ತು. ದೆಹಲಿಯ ಮೂವರು ಅಧಿಕಾರಿಗಳು ಹಾರ ಹಾಕಿಸಿಕೊಂಡು ಕೂತಿದ್ದರು. ಲಕ್ಷ್ಮಣಪ್ಪ ಮೈಕಿನ ಮುಂದೆ ದೇಶಭಕ್ತಿಯ ಬಗ್ಗೆ ಬಾಯಿ ತೆರೆದಿದ್ದ. ಮೊದಲು ಅಡುಗೆಮನೆಯಿಂದ ಭಟ್ಟರು ಓಡಿಬಂದರು. ಅವರ ಹಿಂದೆಯೇ ಅದೂ ಬಂತು. ಊಟದ ಸಾಲಿನ ಕೆಳಗೆ ಹರಡಿತು. ಸದಸ್ಯರು ಕುರ್ಚಿ ಹತ್ತಿದರು. ಅಧಿಕಾರಿಗಳು ಕರವಸ್ತ್ರ ಮೂಗಿಗೆ ಒತ್ತಿ ಎದ್ದರು.

"ಟೂ ಮಿನಿಟ್ಸ್ ಸಾರ್, ಟೂ ಮಿನಿಟ್ಸ್" ಅನ್ನುತ್ತಾ ಲಕ್ಷ್ಮಣಪ್ಪ ವೇದಿಕೆಯಿಂದ ಇಳಿದ. ಬಿಳೀ ಪಂಚೆಯ ಅಂಚು ಕಪ್ಪಾಯಿತು. ಬಾಗಿಲಲ್ಲಿ ಕಾಲೋನಿಯ ಹೆಂಗಸರ ಮುಂದೆ ಮುತ್ತಮ್ಮ ನಿಂತಿದ್ದಳು, ಕಾಲಿನ ಗಂಟಿನ ತನಕ ಹೊಲಸಿನಲ್ಲಿ. ಅವಳೊಬ್ಬಳೇ ಮೂಗು ಮುಚ್ಚಿರಲಿಲ್ಲ.

"ಲೇ ಮುತ್ತಿ! ಕರ್ಕೊಂಡ್ ಬಾರೇ ನಿನ್ ಮೈದುನನ್ನ, ಗುಂಡಿಗೆ ಇಳ್ಸೇ! ಇವ್ರು ಎದ್ದು ಹೋದ್ರೆ ಊರು ಮುಳುಗ್ತದೆ. ಕಾಲಿಗೆ ಬೀಳ್ತೀನಿ ಕಣಮ್ಮ."

"ಬೀಳ್ಬೇಡಿ. ನನ್ ಕಾಲು ಹೇಲಲ್ಲಿದೆ. ಮೊದ್ಲು ಮೈಕಲ್ಲಿ ಹೇಳಿ."

ಅವನು ಹಿಂದೆ ತಿರುಗಿ ಅಧಿಕಾರಿಗಳನ್ನು ನೋಡಿದ. ಆ ಮೂವರಿಗೂ ಕನ್ನಡ ಬಾರದು. ಅವನ ಮುಖದಲ್ಲಿ ಸ್ವಲ್ಪ ಧೈರ್ಯ ಬಂತು. ಹೇಳಿದರೆ ಏನೀಗ, ದೆಹಲಿಗೆ ಅರ್ಥವಾಗುವುದಿಲ್ಲ. ಊರನ್ನು ಆಮೇಲೆ ನೋಡಿಕೊಂಡರಾಯಿತು. ಮೈಕು ತೆಗೆದುಕೊಂಡ.

"ಆಂಜಿನಪ್ಪ... ಬಿದ್ದು ಸಾಯ್ಲಿಲ್ಲ" ಅಂದ.

ಕಂಬ ಕಂಬದ ಸ್ಪೀಕರುಗಳು ಅದನ್ನೇ ಹೇಳಿದವು.

"ಮತ್ತೆ?" ಅಂದಳು ಮುತ್ತಮ್ಮ.

"ನಾವು ಇಳ್ಸಿದ್ವಿ."

"ನಾವು ಅಂದ್ರೆ ಯಾರು?"

"ನಾನು. ನಾನೇ ಇಳ್ಸಿದ್ದು."

"ಎಣ್ಣೆ?"

"ಎಣ್ಣೆನೂ ನಾನೇ ಕುಡಿಸ್ದೆ. ಸಾಕಾ?"

"ಸಾಕಾಗಲ್ಲ. ಹಂಗಾದ್ರೆ ಸಾಯ್ಸಿದ್ದು ಯಾರು?"

ಅಧಿಕಾರಿಯೊಬ್ಬ ಗಡಿಯಾರ ನೋಡಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದ. ಅದನ್ನು ಕಂಡು ಲಕ್ಷ್ಮಣಪ್ಪ ಮೈಕಿನಲ್ಲಿ ಅರಚಿದ. "ನಾನೇ ಕಣೇ! ನಾನೇ ಸಾಯ್ಸಿದ್ದು! ಇಳಿಸಿದೋನೇ ಸಾಯ್ಸಿದೋನು, ಆಯ್ತಾ?"

ಆ ಅಧಿಕಾರಿ ಎಂಜಿನಿಯರ್ ನವೀನ್‌ಕುಮಾರನನ್ನು ಇಂಗ್ಲಿಷಿನಲ್ಲಿ ಕೇಳಿದ, ಇವರು ಏನು ಹೇಳುತ್ತಿದ್ದಾರೆ ಅಂತ. 'ವೆಲ್‌ಕಮ್ ಸ್ಪೀಚ್' ಅಂದ ಎಂಜಿನಿಯರ್. ಅಷ್ಟು ಇಂಗ್ಲಿಷು ಮುತ್ತಮ್ಮನಿಗೂ ಗೊತ್ತಾಯಿತು, ಬೇಸರವಾಗಲಿಲ್ಲ. ಅವಳ ಗಂಡನನ್ನು ಕುಡುಕ ಅಂದದ್ದು ದೆಹಲಿಯಲ್ಲ. ಅಂದವರು ಆಚೆ ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದರು, ಮೊಬೈಲು ಮೇಲೆತ್ತಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ. ಅಷ್ಟು ದಿನದ ಹಗೆ ಅವಳ ಎದೆಯಲ್ಲಿ ಮೊದಲ ಸಲ ತಣ್ಣಗಾಯಿತು. ಪೂರ್ತಿ ಅಲ್ಲ, ಸ್ವಲ್ಪ.

ಲಕ್ಷ್ಮಣಪ್ಪ ಏದುಸಿರು ಬಿಡುತ್ತಾ ಮೈಕು ಇಟ್ಟು ಬಂದ. "ಹೇಳಿದ್ದಾಯ್ತಲ್ಲ. ಈಗಲಾದ್ರೂ ಇಳ್ಸು ನಿನ್ ಮೈದುನನ್ನ."

ಮುನೀಂದ್ರ ಅತ್ತಿಗೆಯ ಪಕ್ಕಕ್ಕೆ ಬಂದು ನಿಂತ. ಮುತ್ತಮ್ಮ ಅವನ ರಟ್ಟೆ ಗಟ್ಟಿಯಾಗಿ ಹಿಡಿದಳು.

"ಇಳಿಸ್ತೀನಿ ಅಂತ ನಾನ್ಯಾವಾಗ ಅಂದೆ ಸ್ವಾಮಿ? ಇಳಿಸಿದೋನೇ ಸಾಯ್ಸಿದೋನು ಅಂತ ಊರಿಗೆಲ್ಲ ಕೇಳೋ ಹಂಗೆ ಈಗ ತಾನೆ ನೀವೇ ಹೇಳಿದ್ರಿ. ನನ್ನೂ ಕೊಲೆಗಾತಿ ಮಾಡ್ತೀರಾ?"

ಕಾರುಗಳು ಶುರುವಾದ ಸದ್ದು ಕೇಳಿತು. ಅವನು ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ, ಎರಡೂ ಕೈ ಜೋಡಿಸಿದ. ಮುತ್ತಮ್ಮ ದಾರಿ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಗುಂಡಿಯ ಕಡೆ ಕೈ ತೋರಿಸಿದಳು.

"ನೀವೇ ಇಳೀರಿ ಅಧ್ಯಕ್ಷರೇ. ಹಗ್ಗ ನಾನು ಹಿಡ್ಕೋತೀನಿ."